ಕ್ಲಾಸೆಟ್ಟಿನ ನೆಲ ಖಾಲಿಯಿರಲಿ

ಮಗಳೇ, ನೀನು ಮನೆ ಕೊಂಡದ್ದು ಡಾಲಸ್ ಪಕ್ಕದ ಫ್ರಿಸ್ಕೊದಲ್ಲಾಗಲಿ, ಹ್ಯೂಸ್ಟನ್ನಿನ ಕೇಟಿಯಲ್ಲಾಗಲಿ, ಆಸ್ಟಿನ್ನಿನ ಸೀಡರ್ ಪಾರ್ಕಿನಲ್ಲಾಗಲಿ, ಮಲಗುವ ಕೋಣೆಗೆ ಅಂಟಿಕೊಂಡ ಕ್ಲಾಸೆಟ್ ನೋಡಿ ಹಿಗ್ಗಿರುತ್ತೀಯ. ಊರಲ್ಲಿ ಒಂದು ಗೋದ್ರೆಜ್ ಬೀರುವಿನಲ್ಲಿ ಇಡೀ ಸಂಸಾರದ ಬಟ್ಟೆ ಹಿಡಿಸಿದವರು ನಾವು. ಇಲ್ಲಿ ಓಡಾಡುವಷ್ಟು ಜಾಗ ಸಿಕ್ಕಿದ ಕೂಡಲೇ ತುಂಬಿಬಿಡೋಣ ಅನ್ನಿಸುತ್ತದೆ. ತುಂಬುವ ಮುಂಚೆ ನನ್ನ ಮಾತು ಸ್ವಲ್ಪ ಕೇಳು.

ಮೊದಲು ಅಂಗಡಿಗೆ ಓಡಬೇಡ. 1978ರಲ್ಲಿ ಡಾಲಸ್ಸಿನಲ್ಲೇ ಹುಟ್ಟಿದ ಕಂಟೇನರ್ ಸ್ಟೋರ್ ಇದೆ, ಫ್ರಿಸ್ಕೊ, ಹ್ಯೂಸ್ಟನ್, ರೌಂಡ್ ರಾಕ್‌ನಲ್ಲಿ ಐಕಿಯಾ ಇದೆ. ಅವು ಎಲ್ಲಿಗೂ ಹೋಗುವುದಿಲ್ಲ. ಟೇಪು ಹಿಡಿದು ಗೋಡೆ ಅಳೆ. ಬಿಲ್ಡರು ಒಂದೇ ಎತ್ತರಕ್ಕೆ ಒಂದು ರಾಡು ಹಾಕಿ ಹೋಗಿದ್ದರೆ ಅಂಗಿಗಳ ಕೆಳಗೆ ಅರ್ಧ ಗೋಡೆ ಸುಮ್ಮನೆ ಬಿದ್ದಿರುತ್ತದೆ. ನೆಲದಿಂದ ಸುಮಾರು 80 ಇಂಚಿಗೆ ಒಂದು, 40 ಇಂಚಿಗೆ ಇನ್ನೊಂದು ರಾಡು ಹಾಕಿಸು. ಹ್ಯಾಂಗರು ಗೋಡೆಗೆ ತಾಗದಿರಲು 24 ಇಂಚು ಆಳ ಬೇಕು. ಅನಾರ್ಕಲಿ, ಶೇರ್ವಾನಿಗಳಿಗೆ ಒಂದು ಮೂಲೆಯಲ್ಲಿ ಉದ್ದಕ್ಕೆ ಜಾಗ ಬಿಡು. ಅಷ್ಟು ಸಾಕು.

ರೇಷ್ಮೆ ಸೀರೆಯ ಮಾತು ಬೇರೆ. ಮೈಸೂರು ಸಿಲ್ಕಿನ ಜರಿಯಲ್ಲಿ ಇರುವುದು ನಿಜವಾದ ಬೆಳ್ಳಿ, ಬಂಗಾರ; ತೇವ ತಗಲಿದರೆ ಬೆಳ್ಳಿ ಕಪ್ಪಾಗುತ್ತದೆ. ಹ್ಯೂಸ್ಟನ್ನಿನ ಗಾಳಿಯೋ, ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಇಡಬೇಡ, ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಒಗೆದು ಒಣಗಿಸಿದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ ಹಲಗೆಯ ಮೇಲೆ ಮಲಗಿಸು. ತಂತಿ ಹ್ಯಾಂಗರಿನ ತುಕ್ಕು ಸೆರಗಿಗೆ ಇಳಿದರೆ ಹೋಗುವುದಿಲ್ಲ. ನುಸಿಗುಳಿಗೆ ಜರಿಗೆ ತಾಗಬಾರದು. ಡಾಲಸ್ಸಿನ ಮಲ್ಲಿಗೆ ಕನ್ನಡ ಸಂಘದ್ದೋ, ಹ್ಯೂಸ್ಟನ್ ಕನ್ನಡ ವೃಂದದ್ದೋ, ಆಸ್ಟಿನ್ ಕನ್ನಡ ಸಂಘದ್ದೋ ಯುಗಾದಿ, ರಾಜ್ಯೋತ್ಸವ ಬಂದಾಗ ಸೀರೆ ಹೇಗೂ ಹೊರಗೆ ತೆಗೆಯುತ್ತೀಯಲ್ಲ, ಉಳಿದವನ್ನೂ ತೆಗೆದು ಬೇರೆ ಗೆರೆಗೆ ಮಡಚಿಡು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಅಲ್ಲೇ ಸೀಳುತ್ತದೆ.

ಸೀರೆಗೆ ಮಧ್ಯದ ಹಲಗೆಯೇ ಸರಿ. 2017ರ ಆಗಸ್ಟಿನ ಹಾರ್ವಿ ಚಂಡಮಾರುತದಲ್ಲಿ ಹ್ಯೂಸ್ಟನ್ನಿನ ಎಷ್ಟೋ ಮನೆಗಳಿಗೆ ನೀರು ನೆಲದಿಂದ ಏರಿತು. 2021ರ ಫೆಬ್ರುವರಿಯ ಹಿಮದಲ್ಲಿ ಅಟ್ಟದಲ್ಲಿ ಹಾದುಹೋದ ಪೈಪು ಒಡೆದು ನೀರು ಮೇಲಿನಿಂದ ಸುರಿಯಿತು. ಪಾಸ್‌ಪೋರ್ಟು, ಮನೆಪತ್ರಗಳು ಮಾತ್ರ ನೀರು ಹೊಗದ ಡಬ್ಬದಲ್ಲೇ ಇರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡಾಲಸ್ ಸುತ್ತಿನ ನೆಲ ನಮ್ಮ ಧಾರವಾಡ, ವಿಜಯಪುರದ ಎರೆಭೂಮಿಯ ಹಾಗೆಯೇ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವಂಥದ್ದು. ಅದಕ್ಕೇ ಇಲ್ಲಿ ನೆಲಮಾಳಿಗೆ ಕಟ್ಟುವುದು ಅಪರೂಪ. ಸುಂಟರಗಾಳಿಯ ಸೈರನ್ ಕೂಗಿದರೆ ಅಡಗಲು ಇರುವುದು ಕೆಳಮಹಡಿಯ, ಕಿಟಕಿಯಿಲ್ಲದ, ಹೊರಗೋಡೆಗೆ ತಾಗದ ಕೋಣೆ. ಎಷ್ಟೋ ಮನೆಗಳಲ್ಲಿ ಅದು ಈ ಕ್ಲಾಸೆಟ್ಟೇ. 2015ರ ಡಿಸೆಂಬರ್ 26ರ ಸಂಜೆ ಗಾರ್ಲೆಂಡ್, ರೌಲೆಟ್ ಕಡೆ ಸುಂಟರಗಾಳಿಗೆ ಸಿಕ್ಕಿ ಜನ ಸತ್ತರು. 2019ರ ಅಕ್ಟೋಬರ್ 20ರ ರಾತ್ರಿ ಉತ್ತರ ಡಾಲಸ್ಸಿನಲ್ಲಿ ಮನೆಗಳು ನೆಲಕಚ್ಚಿದವು. ವಾರ್ನಿಂಗ್ ಬಂದ ಮೇಲೆ ಸಿಗುವುದು ಕೆಲವೇ ನಿಮಿಷ. ಆಗ ಸೂಟ್‌ಕೇಸು ಎಳೆದು ಹೊರಗೆ ಹಾಕುತ್ತಾ ಕೂರಲಾಗುವುದಿಲ್ಲ.

ಆದ್ದರಿಂದ ಖಾಲಿ ಸೂಟ್‌ಕೇಸುಗಳು ಗರಾಜಿಗೆ ಹೋಗಲಿ. ಭಾರದ ಪೆಟ್ಟಿಗೆ ತಲೆಯ ಮೇಲಿನ ಹಲಗೆಯಲ್ಲಿ ಬೇಡ. ಕೆಳಗಿನ ಗೂಡಿನಲ್ಲಿ ಟಾರ್ಚು, ನೀರು, ಎಲ್ಲರಿಗೂ ಒಂದೊಂದು ಜೊತೆ ಗಟ್ಟಿ ಶೂ, ಮಕ್ಕಳ ಸೈಕಲ್ ಹೆಲ್ಮೆಟ್ಟು ಇಡು. ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರುವಾಗ ಅವರಿಗೂ ಆ ಜಾಗ ತೋರಿಸಿಡು. ಅಮ್ಮನಿಗೆ ಮಂಡಿನೋವಿದ್ದರೆ ಒಂದು ಗಿಡ್ಡ ಸ್ಟೂಲು ಅಲ್ಲೇ ಇರಲಿ.

ಈ ಶನಿವಾರ ಮನೆಯವರೆಲ್ಲ ಒಳಗೆ ಕುಳಿತು ಬಾಗಿಲು ಹಾಕಿ ನೋಡಿ. ಬಾಗಿಲು ಮುಚ್ಚಲಿಲ್ಲವೆಂದರೆ ಅಂದೇ ಒಂದಷ್ಟು ಸಾಮಾನು ಹೊರಗೆ ಹಾಕಮ್ಮ.