ತಜ್ಞರು ಮೂವರು, ಕಿಡ್ನಿ ಯಾರ ಪಾಲಿಗೆ?

ಪ್ರಶ್ನೆ: ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಹಳೆಯವು, ಮೆಟ್‌ಫಾರ್ಮಿನ್ ನಡೆದಿದೆ. ಹೃದಯತಜ್ಞರು ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದಾರೆ. ಮೂಳೆತಜ್ಞರು ಹತ್ತು ದಿನಕ್ಕೆಂದು ಬರೆದ ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಎರಡು ತಿಂಗಳಿಂದ ನುಂಗುತ್ತಿದ್ದಾರೆ. ಈಗ ಕ್ರಿಯಾಟಿನಿನ್ 1.6, ಕಾಲು ಊದಿದೆ. ಸಕ್ಕರೆ ಡಾಕ್ಟರು ‘ಕಿಡ್ನಿಯವರಿಗೆ ತೋರಿಸಿ’ ಎಂದರು. ಇಷ್ಟು ತಜ್ಞರಿದ್ದೂ ಹೀಗೇಕಾಯಿತು?
– ಓದುಗರೊಬ್ಬರು, ಮತ್ತಿಕೆರೆ

ಉತ್ತರ: ಮೊದಲು ನೋವಿನ ಮಾತ್ರೆಯ ಹೆಸರು ನೋಡಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಇದ್ದರೆ ಇವತ್ತೇ ನಿಲ್ಲಿಸಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ. ನೋವಿನ ಮಾತ್ರೆ ಕಿಡ್ನಿಯ ಸೋಸುಗಕ್ಕೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತದೆ, ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಮೂತ್ರದ ಮಾತ್ರೆ ನೀರಿನಂಶ ತಗ್ಗಿಸುತ್ತದೆ. ಮೂರೂ ಸೇರಿದರೆ ಸೋಸುವ ಒತ್ತಡವೇ ಕುಸಿಯುತ್ತದೆ. ಒಂದೊಂದು ಚೀಟಿಯೂ ಅದರ ಮಟ್ಟಿಗೆ ಸರಿ. ಮೂರನ್ನೂ ಒಟ್ಟಿಗೆ ಓದಿದವರು ಯಾರೂ ಇಲ್ಲ.

ಇದರಲ್ಲಿ ನಮ್ಮ ಓದಿನ ಪಾಲೂ ಇದೆ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ 3, ಅದರ ಮೇಲೆ ಡಿಎಂ ಎಂದರೆ ಇನ್ನೂ 3. ಮೇಲೇರಿದಷ್ಟೂ ನೋಟ ಒಂದು ಅಂಗಕ್ಕೆ ಇಳಿಯುತ್ತದೆ. ಕಲಿಯುವುದೂ ಹೆಚ್ಚಾಗಿ ವಾರ್ಡಿನಲ್ಲಿ: ರೋಗಿ ದಾಖಲಾಗುತ್ತಾರೆ, ಬಿಡುಗಡೆಯಾಗುತ್ತಾರೆ. ಒಬ್ಬರ ಸಕ್ಕರೆ ಕಾಯಿಲೆ ಹತ್ತು ವರ್ಷದಲ್ಲಿ ಹೇಗೆ ಸಾಗುತ್ತದೆಂದು ತರಬೇತಿಯಲ್ಲಿರುವವರು ನೋಡುವುದು ಅಪರೂಪ. ಎದೆನೋವಿಗೆ ಹೃದಯತಜ್ಞರೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ದೀರ್ಘಕಾಲದ ಕಾಯಿಲೆಗೆ ಬೇಕಾದದ್ದು ಬೇರೆ. ಕುಟುಂಬ ವೈದ್ಯಶಾಸ್ತ್ರದಲ್ಲೂ ಸ್ನಾತಕೋತ್ತರ ಪದವಿ ಇದೆ, ಹೋಗುವವರು ಕಡಿಮೆ. ಬೋರ್ಡಿನಲ್ಲಿ ‘ಹೃದಯ’ ಎಂದಿದ್ದರೆ ಸಿಗುವ ಮರ್ಯಾದೆ ಅದಕ್ಕಿಲ್ಲ, ಕೊಡದವರು ನಾವೇ.

ಮತ್ತಿಕೆರೆಯವರಿಗೆ ತಜ್ಞರ ಬರವಿಲ್ಲ. ಪಕ್ಕದಲ್ಲೇ ರಾಮಯ್ಯ ಆಸ್ಪತ್ರೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್. ಆದರೆ ಮೊದಲು ಜನರಲ್ ಮೆಡಿಸಿನ್ ಅಥವಾ ಕುಟುಂಬ ವೈದ್ಯರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ತಜ್ಞರು ಬರೆದದ್ದೆಲ್ಲ ಅವರ ಕಣ್ಣಿಗೆ ಬೀಳಲಿ. ತಾಯಿಯ ವಯಸ್ಸಿಗೆ ಈ ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸುವ ವೇಗವನ್ನು ಹೇಳುವ ಇಜಿಎಫ್‌ಆರ್ ಸುಮಾರು 35. ಮೆಟ್‌ಫಾರ್ಮಿನ್ ಪ್ರಮಾಣ ಇಳಿಸಬೇಕಾಗಬಹುದು. ಕ್ರಿಯಾಟಿನಿನ್ ಮತ್ತೆ ನೋಡಿಸಿ, ಪೊಟ್ಯಾಸಿಯಂ, ಮೂತ್ರದ ಅಲ್ಬುಮಿನ್ ಕೂಡ. ಸುಧಾರಿಸದಿದ್ದರೆ ಕಿಡ್ನಿ ತಜ್ಞರಿಗೆ ಅವರೇ ಪತ್ರ ಬರೆಯುತ್ತಾರೆ.

ಈ ವಾರದೊಳಗೆ ಹೋಗಿ. ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಅದೇ ದಿನ. ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಚೂರ್ಣ–ಲೇಹ್ಯವನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ.