ಕೋರ್ಸಿಗೆ ಸೇರುವ ಮುಂಚೆ ಕೇಳಬೇಕಾದ್ದು

ಸಿಂದಗಿಯಿಂದ ಬರೆದ ತಂಗಿಗೆ,

ನೌಕರಿಗೆ ಹೋಗುವ ತಾಯಂದಿರ ಕೂಸುಗಳನ್ನು ಮನೆಯಲ್ಲೇ ನೋಡಿಕೊಳ್ಳುವ ಯೋಚನೆ ಚೆನ್ನಾಗಿದೆ. ಆದರೆ ನೀವು ಕೇಳಿದ ನರ್ಸರಿ ಟೀಚರ್ ತರಬೇತಿ ಹೆಚ್ಚಾಗಿ ಮೂರು ವರ್ಷ ದಾಟಿದ ಮಕ್ಕಳಿಗೆ ಕಲಿಸುವುದಕ್ಕೆ. ನಿಮ್ಮ ಮನೆಗೆ ಬರುವವು ಎಂಟು ತಿಂಗಳ, ಒಂದೂವರೆ ವರ್ಷದ ಕೂಸುಗಳು. ಅವಕ್ಕೆ ರೈಮ್ಸ್ ಆಮೇಲೆ.

ಮೊದಲು ಪ್ರಥಮ ಚಿಕಿತ್ಸೆ ಕಲಿಯಿರಿ. ನಮ್ಮ ಕಡೆ ಶೇಂಗಾ ಇಲ್ಲದ ಮನೆ ಉಂಟೆ? ಕಾಳು ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿದರೆ, ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿಗೆ 5 ಏಟು. ಹೊರಳಿಸಿ ಎದೆಯ ನಡುವೆ 5 ಸಲ ಒತ್ತಿ. ಏಟಿನ ಬಿರುಸು ಎಷ್ಟಿರಬೇಕೆಂಬುದು ವಿಡಿಯೊ ನೋಡಿದರೆ ತಿಳಿಯದು, ಗೊಂಬೆಯ ಮೇಲೆ ಕೈಯಾರೆ ಮಾಡಿಯೇ ತಿಳಿಯಬೇಕು. ಗೊಂಬೆ ಇಲ್ಲದ ಸಂಸ್ಥೆಗೆ ಫೀಸು ಕಟ್ಟಬೇಡಿ. ‘ಎರಡೇ ದಿನದಲ್ಲಿ ಸರ್ಟಿಫಿಕೇಟ್’ ಎನ್ನುವ ಆನ್‌ಲೈನ್ ಕೋರ್ಸು ಗೋಡೆಗೆ ಚೆಂದ, ಅಷ್ಟೇ.

2023ರಿಂದ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ ‘ಕೂಸಿನ ಮನೆ’ ನಡೆಸುತ್ತಿದೆ. ಆರೈಕೆದಾರರಿಗೆ ತರಬೇತಿಯೂ ಕೊಡುತ್ತದೆ. ಪಿಡಿಒ ಅವರನ್ನು ಕೇಳಿ, ಇಂಡಿ ಕಡೆಯದೋ ಬಸವನ ಬಾಗೇವಾಡಿ ಕಡೆಯದೋ ಒಂದರಲ್ಲಿ ನಾಲ್ಕು ದಿನ ಕುಳಿತು ಬನ್ನಿ. ಊಟ, ನಿದ್ದೆ, ಹಟ, ಜ್ವರ ಬಂದಾಗ ತಾಯಿಗೆ ಫೋನು ಮಾಡುವ ರೀತಿ ಎಲ್ಲ ಅಲ್ಲಿ ಕಣ್ಣಾರೆ ಕಾಣುತ್ತದೆ.

ಪಿಯುಸಿ ಮುಗಿಸಿದ್ದೀರಿ, ಇಗ್ನೊದ ಶಿಶು ಆರೈಕೆ ಡಿಪ್ಲೊಮಾ ಮುಂದಿನ ವರ್ಷಕ್ಕಿರಲಿ. ಪಾಠ ಯಾವ ಭಾಷೆಯಲ್ಲಿದೆ ಎಂದು ವಿಚಾರಿಸಿಯೇ ಸೇರಿ. ಅಂದಹಾಗೆ, ಅಂಗಳದ ನೀರಿನ ತೊಟ್ಟಿಗೆ ಈ ವಾರವೇ ಮುಚ್ಚಳ ಮಾಡಿಸಿ.