ಎಂಬಿಎ ಓದಿದರೆ ನಾಯಕತ್ವ ಬರುತ್ತದೆಯೇ?

ಈ ಸಲ ದಾವಣಗೆರೆ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ದನಿಯಲ್ಲಿ ಕೇಳಿಸಿತು. ನಾಯಕತ್ವವನ್ನು ಕಲಿಯುವುದು ಎಲ್ಲಿ, ಹೇಗೆ? ನಾಲ್ಕು ಪತ್ರಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ದಾವಣಗೆರೆಯಲ್ಲಿ ಎಂಬಿಎ ಮೊದಲ ವರ್ಷದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಗ್ರೂಪ್ ಡಿಸ್ಕಷನ್‌ನಲ್ಲಿ ವಿಷಯ ಗೊತ್ತಿದ್ದರೂ ಬಾಯಿ ತೆರೆಯಲು ಆಗುವುದಿಲ್ಲ. ನಿನ್ನಲ್ಲಿ ‘ಲೀಡರ್‌ಶಿಪ್ ಕ್ವಾಲಿಟಿ’ ಇಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಯಾರೂ ಓದಿದವರಲ್ಲ. ಅಮ್ಮ ಸ್ವಸಹಾಯ ಸಂಘದಲ್ಲಿದ್ದಾರೆ ಅಷ್ಟೆ. ನಾನು ಬದಲಾಗಬಹುದೇ?
– ಹೆಸರು ಬೇಡ, ಜಗಳೂರು

ತಂಗೀ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಅಷ್ಟೆ’ ಎಂಬ ಮಾತು. ಹತ್ತರಿಂದ ಇಪ್ಪತ್ತು ಹೆಂಗಸರು ಪ್ರತಿ ವಾರ ಕೂಡಿ, ಉಳಿತಾಯದ ಹಣ ಎಣಿಸಿ, ಯಾರ ಮನೆಯ ತಾಪತ್ರಯಕ್ಕೆ ಮೊದಲು ಸಾಲ ಕೊಡಬೇಕೆಂದು ತೀರ್ಮಾನಿಸುತ್ತಾರೆ. ಮಳೆ ಕೈಕೊಟ್ಟು ಮೆಕ್ಕೆಜೋಳ, ಈರುಳ್ಳಿ ಹೋದ ವರ್ಷವೂ ಕಂತು ಕಟ್ಟುವಂತೆ ಒಬ್ಬರನ್ನೊಬ್ಬರು ಒಪ್ಪಿಸುತ್ತಾರೆ. ನಿಮ್ಮ ಪಠ್ಯದಲ್ಲಿ ಸಂಘರ್ಷ ನಿರ್ವಹಣೆ, ತಂಡ ಕಟ್ಟುವುದು, ವಿಶ್ವಾಸ ಗಳಿಸುವುದು ಎಂದು ಬೇರೆ ಬೇರೆ ಅಧ್ಯಾಯಗಳಾಗಿ ಬರುವ ವಿಷಯಗಳೆಲ್ಲ ಆ ಒಂದು ತಾಸಿನ ಸಭೆಯಲ್ಲಿ ನಡೆದುಹೋಗುತ್ತವೆ. ಮುಂದಿನ ರಜೆಯಲ್ಲಿ ಅಮ್ಮನ ಜೊತೆ ಹೋಗಿ ಕುಳಿತುಕೊಳ್ಳಿ. ಮೊದಲು ನಡಾವಳಿ ಬರೆದುಕೊಡಿ. ಯಾರು ಮೊದಲು ಮಾತಾಡುತ್ತಾರೆ, ಕಂತು ತಪ್ಪಿದವಳ ಜೊತೆ ಯಾವ ದನಿಯಲ್ಲಿ ಮಾತಾಡುತ್ತಾರೆ, ಜಗಳ ಬಂದಾಗ ಎಲ್ಲರೂ ಯಾರ ಮುಖ ನೋಡುತ್ತಾರೆ ಎಂಬುದನ್ನು ಗಮನಿಸಿ. ಪಂಚಾಯ್ತಿ ಮಟ್ಟದ ಒಕ್ಕೂಟ ಒಪ್ಪಿದರೆ ನಿಮ್ಮ ಪ್ರಾಜೆಕ್ಟನ್ನೂ ಅಲ್ಲಿಯೇ ಮಾಡಿ. ಜಗಳೂರಿನ ಹುಡುಗಿಗೆ ಈ ವಿಷಯದಲ್ಲಿರುವ ಅಧಿಕಾರ ಬೆಂಗಳೂರಿನ ಯಾವ ವಿದ್ಯಾರ್ಥಿಗೂ ಇಲ್ಲ.

ಇನ್ನು ಗ್ರೂಪ್ ಡಿಸ್ಕಷನ್. ಇಂಗ್ಲಿಷಿನ ಸಲೀಸು ಬೇರೆ, ನಾಯಕತ್ವ ಬೇರೆ. ನಿಮಗೆ ಹಾಗೆ ಹೇಳಿದವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ, ಅದು ತಪ್ಪು. ಆದರೆ ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ, ಕೆಲಸಕ್ಕೆ ಅದು ಬೇಕೇಬೇಕು. ಮೂರು ನಾಲ್ಕು ಗೆಳತಿಯರು ಸೇರಿ ಒಂದು ವಿಷಯವನ್ನು ಮೊದಲು ಕನ್ನಡದಲ್ಲಿ ಮನಸ್ಸು ಬಿಚ್ಚಿ ಚರ್ಚಿಸಿ, ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಚರ್ಚಿಸಿ. ವಿಚಾರ ಆಗಲೇ ತಯಾರಿರುವುದರಿಂದ ಹುಡುಕಬೇಕಾದದ್ದು ಪದವನ್ನು ಮಾತ್ರ. ಚರ್ಚೆಗೆ ಕೂತಾಗ ಉದ್ದ ಭಾಷಣದ ಗೋಜಿಗೆ ಹೋಗಬೇಡಿ. ಗೊತ್ತಿರುವ ಒಂದು ಖಚಿತ ಸಂಗತಿಯನ್ನು ಮುಂದಿಡಿ. ಇಬ್ಬರು ಒಂದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿ ಕಾದಾಡುತ್ತಿದ್ದರೆ ಅದನ್ನು ಎತ್ತಿ ತೋರಿಸಿ. ಸುಮ್ಮನೆ ಕೂತವರ ಕಡೆ ತಿರುಗಿ ಅವರ ಅಭಿಪ್ರಾಯ ಕೇಳಿ. ಇವಕ್ಕೆ ನಾಲ್ಕೈದು ಸರಳ ವಾಕ್ಯ ಸಾಕು. ಅನುಭವಿ ಸಂದರ್ಶಕರು ಇದನ್ನು ಗುರುತಿಸುತ್ತಾರೆ.

ಒಂದು ವಿಷಯವನ್ನೂ ಸೂಚಿಸುತ್ತೇನೆ. ತುಂಗಭದ್ರೆಯ ನೀರನ್ನು ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ಹರಿಸುವ ಯೋಜನೆ ನಿಮ್ಮ ಊರಿನದೇ. ಸಿರಿಗೆರೆಯ ತರಳಬಾಳು ಜಗದ್ಗುರುಗಳು ಅದರ ಬೆನ್ನು ಹತ್ತಿದ್ದು ನಿಮಗೂ ಗೊತ್ತಿರುತ್ತದೆ. ಹಳ್ಳಿಗಳು, ಎಂಜಿನಿಯರುಗಳು, ಸರ್ಕಾರ, ಮಠ ಎಲ್ಲವನ್ನೂ ಒಂದೇ ದಾರಿಗೆ ತರುವುದು ಹೇಗೆ ಸಾಧ್ಯವಾಯಿತು, ಎಲ್ಲಿ ತಡೆಯಿತು ಎಂದು ಹಿರಿಯರನ್ನು ಕೇಳಿ ಬರೆಯಿರಿ. ತರಗತಿಯಲ್ಲಿ ಅದನ್ನು ಮಂಡಿಸುವ ದಿನ ನಿಮ್ಮ ದನಿ ತಾನಾಗಿ ಗಟ್ಟಿಯಾಗಿರುತ್ತದೆ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಮಗ ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಎಂಬಿಎ ಮಾಡುತ್ತೇನೆ ಅನ್ನುತ್ತಾನೆ. ಕಾಲೇಜಿನವರು ‘ನಾಳಿನ ನಾಯಕರನ್ನು ರೂಪಿಸುತ್ತೇವೆ’ ಎಂದು ಹೇಳಿ ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಕೊಡಬಹುದೇ? ತೋಟ ನೋಡಿಕೊಂಡಿದ್ದರೆ ಸಾಲದೇ?
– ಒಬ್ಬ ತಂದೆ, ಚನ್ನಗಿರಿ

ಎರಡು ವರ್ಷ ತಡೆಯಿರಿ ಎನ್ನುವುದು ನನ್ನ ನೇರ ಅಭಿಪ್ರಾಯ. ಕೆನಡಾದ ಪ್ರಾಧ್ಯಾಪಕ ಹೆನ್ರಿ ಮಿಂಟ್ಸ್‌ಬರ್ಗ್ 2004ರಲ್ಲಿ ಒಂದು ಪುಸ್ತಕವನ್ನೇ ಬರೆದು ವಾದಿಸಿದರು: ಕೆಲಸದ ಅನುಭವವಿಲ್ಲದ ಹುಡುಗರನ್ನು ತರಗತಿಯಲ್ಲಿ ಕೂರಿಸಿ ಮ್ಯಾನೇಜರುಗಳನ್ನು ಹುಟ್ಟಿಸಲು ಆಗದು, ಜವಾಬ್ದಾರಿ ಹೊತ್ತು ಬಂದವರನ್ನು ಮಾತ್ರ ತರಗತಿ ಬೆಳೆಸಬಲ್ಲದು. ನಾನು ಕಂಡ ವಿದ್ಯಾರ್ಥಿಗಳಲ್ಲೂ ಇದು ನಿಜ. ಎಲ್ಲಾದರೂ ನಾಲ್ಕು ಜನರ ಕೆಲಸಕ್ಕೆ ಉತ್ತರ ಕೊಟ್ಟು ಬಂದವನಿಗೆ ಪಾಠದ ಪ್ರತಿ ಪುಟದಲ್ಲೂ ತನ್ನ ಹಳೆಯ ಪೇಚು ಕಾಣುತ್ತದೆ, ಅವನು ಎದ್ದು ಪ್ರಶ್ನೆ ಕೇಳುತ್ತಾನೆ.

ಈ ಎರಡು ವರ್ಷ ಏನು ಮಾಡಬೇಕು? ಒಂದು ಹಂಗಾಮನ್ನು ಪೂರ್ತಿ ಅವನ ಕೈಗೆ ಬಿಡಿ. ಕೊಯ್ಲು ನೀವೇ ಮಾಡಿಸುವುದೋ ಖೇಣಿಗೆ ಕೊಡುವುದೋ, ಸುಲಿಯುವ ಹೆಂಗಸರಿಗೆ ಕೂಲಿ ಎಷ್ಟು, ಬೇಯಿಸಿ ಹರವಿದ ದಿನವೇ ಮೋಡ ಕವಿದರೆ ಏನು, ಮಾಲನ್ನು ಈಗಲೇ ಬಿಡುವುದೋ ಕಾಯುವುದೋ ಎಲ್ಲವನ್ನೂ ಅವನೇ ನಿರ್ಧರಿಸಲಿ. ನೀವು ಲೆಕ್ಕ ಕೇಳಿ, ಆದರೆ ನಡುವೆ ಕೈಹಾಕಬೇಡಿ. ನಷ್ಟ ಕಂಡಾಗ ಬಾಯಿ ಕಟ್ಟಿಕೊಳ್ಳುವುದು ತಂದೆಗೆ ಕಷ್ಟ. ಆದರೂ ಒಂದು ಹಂಗಾಮಿನ ನಷ್ಟ ಕಾಲೇಜಿನ ಶುಲ್ಕಕ್ಕಿಂತ ಕಡಿಮೆಯೇ ಆದೀತು.

ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇದೆ. ಮಗನನ್ನು ಅಲ್ಲಿನ ವಹಿವಾಟು ನೋಡಲು ಕಳಿಸಿ. ಸಹಕಾರ ಸಂಘದಲ್ಲಿ ಅಧ್ಯಕ್ಷನಿಗೆ ಸದಸ್ಯರ ಮೇಲೆ ಹುಕುಂ ಚಲಾಯಿಸಲು ಬರುವುದಿಲ್ಲ. ಸದಸ್ಯರೇ ಮಾಲೀಕರು, ಮುನಿಸಿಕೊಂಡರೆ ಮಾಲನ್ನು ಖಾಸಗಿ ಮಂಡಿಗೆ ಒಯ್ಯುತ್ತಾರೆ, ಚುನಾವಣೆಯಲ್ಲಿ ಕೆಳಗಿಳಿಸುತ್ತಾರೆ. ಸಂಬಳದ ಹಂಗಿಲ್ಲದವರನ್ನು ಒಟ್ಟಿಗೆ ಹಿಡಿದಿಡುವುದು ಕಂಪನಿ ನಡೆಸುವುದಕ್ಕಿಂತ ಕಠಿಣ ನಾಯಕತ್ವ ಎಂದು ನಾನು ನಂಬಿದ್ದೇನೆ.

ಅಡಿಕೆಯವರಿಗೆ ಕ್ಯಾಂಪ್ಕೋ ಕಥೆ ಹೊಸದಲ್ಲ, ಆದರೆ ಎಂಬಿಎ ಕನಸಿನ ಮಗನಿಗೆ ಅದನ್ನು ಈ ಕಣ್ಣಿನಿಂದ ತೋರಿಸಿ. 1970ರ ಆಚೀಚೆ ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟಿದ್ದ. ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳ, ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ, ಅಡಿಕೆ ತೋಟದ ನಡುವೆ ಬೆಳೆದಿದ್ದ ಕೊಕ್ಕೊಗೆ ಕೊಳ್ಳುವವರೇ ಇಲ್ಲದಂತಾಯಿತು. ಅಡಿಕೆಯ ಸಂಸ್ಥೆ ಕೊಕ್ಕೊವನ್ನೂ ಕೊಳ್ಳಲು ಮುಂದಾಯಿತು. ಕೊಂಡದ್ದಕ್ಕೆ ಮಾರುಕಟ್ಟೆ ಬೇಕೆಂದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆಗಾರರ ಸಂಘವೊಂದು ಇಷ್ಟು ದೊಡ್ಡ ಪಣ ತೊಡಬೇಕಾದರೆ ಸದಸ್ಯರಿಗೆ ಅದರ ಮೇಲೆ ಎಂಥ ನಂಬಿಕೆ ಇದ್ದಿರಬೇಕು! ಆ ನಂಬಿಕೆ ಹುಟ್ಟಿದ ಬಗೆಯನ್ನು ಮಗ ಅರ್ಥ ಮಾಡಿಕೊಂಡರೆ ಅರ್ಧ ಎಂಬಿಎ ಆದಂತೆ.

ಇಷ್ಟಾದ ಮೇಲೂ ಅವನಿಗೆ ಓದಬೇಕೆನಿಸಿದರೆ ಖಂಡಿತ ಓದಿಸಿ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಲಿ. ದಾವಣಗೆರೆ, ಶಿವಮೊಗ್ಗದಲ್ಲಿ ಸಿಗುವ ಸೀಟನ್ನು ಕೀಳಾಗಿ ಕಾಣಬೇಡಿ. ಕಾಲೇಜು ಯಾವುದೇ ಆಗಲಿ, ಕರಪತ್ರ ಬದಿಗಿಟ್ಟು ಎರಡನೇ ವರ್ಷದ ನಾಲ್ಕು ವಿದ್ಯಾರ್ಥಿಗಳನ್ನು ಹೊರಗೆ ಮಾತಾಡಿಸಿ. ಇಂಟರ್ನ್‌ಶಿಪ್ ಎಲ್ಲಿ ಮಾಡಿದಿರಿ, ಅಲ್ಲಿ ನಿಮಗೊಪ್ಪಿಸಿದ ಕೆಲಸ ಏನು, ಪ್ರಾಜೆಕ್ಟ್ ರಿಪೋರ್ಟನ್ನು ಮೇಷ್ಟ್ರು ಓದಿ ತಿದ್ದಿದರೋ ಅಥವಾ ಜೆರಾಕ್ಸ್ ಅಂಗಡಿಯಿಂದ ತಂದದ್ದಕ್ಕೆ ಸಹಿ ಹಾಕಿದರೋ ಎಂದು ಕೇಳಿ. ನಾಲ್ವರ ಉತ್ತರದಲ್ಲೇ ಕಾಲೇಜಿನ ಹಣೆಬರಹ ತಿಳಿಯುತ್ತದೆ.

ಪ್ರಶ್ನೆ: ಎಂಬಿಎ ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಟೀಮ್ ಲೀಡರ್ ಆಗಿದ್ದೇನೆ. ನನ್ನ ಕೈಕೆಳಗೆ ಇರುವವರಲ್ಲಿ ಹೆಚ್ಚಿನವರು ನನಗಿಂತ ಹತ್ತು ಹದಿನೈದು ವರ್ಷ ಹಿರಿಯರು. ಮಾತು ಕೇಳುವುದಿಲ್ಲ. ಬಿಗಿ ಮಾಡಲೇ, ಸ್ನೇಹದಿಂದ ಇರಲೇ?
– ಹೆಸರು ಬೇಡ, ನ್ಯಾಮತಿ

ಎರಡೂ ಬೇಡ. ಮೊದಲು ಒಬ್ಬೊಬ್ಬರನ್ನೇ ಕಂಡು, ಕೆಲಸದಲ್ಲಿ ಎಲ್ಲಿ ಅಡ್ಡಿಯಾಗುತ್ತಿದೆ ಎಂದು ಕೇಳಿ. ಕೇಳಿದ್ದರಲ್ಲಿ ನಿಮ್ಮಿಂದ ಆಗುವ ಒಂದನ್ನು ಆ ವಾರವೇ ಸರಿಪಡಿಸಿ. ನಮ್ಮ ಕಡೆ ಹಿರಿಯರನ್ನು ಬಹುವಚನದಲ್ಲಿ ಕರೆಯುತ್ತೇವಲ್ಲ, ಆಫೀಸಿನ ಇಂಗ್ಲಿಷಿನಲ್ಲೂ ಆ ಮರ್ಯಾದೆ ಉಳಿಯಲಿ. ಆದರೆ ಮರ್ಯಾದೆ ಕೊಡುವುದೆಂದರೆ ತೀರ್ಮಾನವನ್ನು ಅವರಿಗೆ ಬಿಟ್ಟುಕೊಡುವುದು ಎಂದಲ್ಲ. ಎಲ್ಲರ ಮಾತು ಕೇಳಿದ ಮೇಲೆ ಯಾರು, ಏನನ್ನು, ಯಾವ ತಾರೀಖಿಗೆ ಮುಗಿಸಬೇಕು ಎಂದು ನೀವೇ ಬರೆದು ಕಳಿಸಿ. ಅದು ತಪ್ಪಿದರೆ ಒಬ್ಬರೇ ಇದ್ದಾಗ ಕೇಳಿ. ಮಧ್ಯೆ ಎಂಬಿಎ ಪದವಿಯ ಪ್ರಸ್ತಾಪ ಮಾತ್ರ ಬೇಡ.

ಪ್ರಶ್ನೆ: ಎಂಬಿಎಗೆ ಪಾಠ ಮಾಡುವ ಅತಿಥಿ ಉಪನ್ಯಾಸಕಿ ನಾನು. ನಾಯಕತ್ವದ ಸಿದ್ಧಾಂತಗಳನ್ನು ಮಕ್ಕಳು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆಯುತ್ತಾರೆ. ಒಂದು ಕಾರ್ಯಕ್ರಮ ವಹಿಸಿಕೊಳ್ಳಿ ಎಂದರೆ ಹಿಂದೆ ಸರಿಯುತ್ತಾರೆ. ಸಿಲಬಸ್ ಬಿಡುವಂತಿಲ್ಲ. ಏನು ಮಾಡಲಿ?
– ಹೊನ್ನಾಳಿ

ಸಿಲಬಸ್ ಬಿಡಬೇಡಿ, ಅದನ್ನು ತಿರುವಿ ಹಾಕಿ. ಮೊದಲು ಘಟನೆ ಕೊಡಿ, ಸಿದ್ಧಾಂತ ಆಮೇಲೆ ಬರಲಿ. ಘಟನೆಯನ್ನೂ ಪೂರ್ತಿ ಹೇಳದೆ ತೀರ್ಮಾನದ ಹೊಸ್ತಿಲಲ್ಲಿ ನಿಲ್ಲಿಸಿ. ಉದಾಹರಣೆಗೆ, ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದರ ಹಿಂದಿನ ವರ್ಷವಷ್ಟೇ ಸಹಕಾರ ಸಂಘಗಳ ಕಾಯಿದೆ ಬಂದಿತ್ತು. ಸಾಲ ಕೊಡುವ ಸಾಹುಕಾರರು ಊರಲ್ಲೇ ಇದ್ದಾರೆ, ಸಂಘ ಎಂದರೇನೆಂದು ಯಾರಿಗೂ ಗೊತ್ತಿಲ್ಲ. ಪಾಟೀಲರ ಜಾಗದಲ್ಲಿದ್ದರೆ ಮೊದಲ ಮನೆಯ ಬಾಗಿಲು ತಟ್ಟಿ ನೀವೇನು ಹೇಳುತ್ತೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿ. ಒಬ್ಬೊಬ್ಬರನ್ನೇ ಎಬ್ಬಿಸಿ, ಕನ್ನಡದಲ್ಲೇ ಮಾತಾಡಿಸಿ. ಆಮೇಲೆ ಸಿದ್ಧಾಂತಗಳಿಗೆ ಬನ್ನಿ. ಆಗ ಅವು ಬಾಯಿಪಾಠವಾಗಿ ಉಳಿಯುವುದಿಲ್ಲ.

1979ರಲ್ಲಿ ಗುಜರಾತಿನ ಆಣಂದ್‌ನಲ್ಲಿ ಶುರುವಾದ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ ಇರ್ಮಾ ತನ್ನ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳನ್ನು ಹಳ್ಳಿಯಲ್ಲಿ ಉಳಿದು ಕಲಿಯಲು ಕಳಿಸುತ್ತದೆ. ನಿಮ್ಮ ವಿದ್ಯಾರ್ಥಿಗಳು ಹಳ್ಳಿಯಿಂದಲೇ ಬರುವವರು, ಆ ಖರ್ಚೂ ಇಲ್ಲ. ಗುಂಪಿನ ಕೆಲಸ ಕೊಟ್ಟಾಗ ಮುಂದಾಳು ವಾರಕ್ಕೊಬ್ಬರಂತೆ ಬದಲಾಗಲಿ. ಹಿಂದೆ ಸರಿಯುವ ಮಕ್ಕಳಿಗೆ ಮೊದಲು ಅಂಕವಿಲ್ಲದ ಚಿಕ್ಕ ಹೊಣೆ ಕೊಡಿ. ಅವರಲ್ಲಿ ಬಹಳ ಮಂದಿಗೆ ಇರುವುದು ಎಲ್ಲರ ಮುಂದೆ ಸೋಲುವ ಭಯ. ಕೆಲಸ ಮುಗಿದ ಮೇಲೆ ಪ್ರತಿಯೊಬ್ಬರೂ ಅರ್ಧ ಪುಟ ಬರೆಯಲಿ: ಇವತ್ತು ನನ್ನ ಮಾತಿನಿಂದ ಯಾರ ಅಭಿಪ್ರಾಯ ಬದಲಾಯಿತು, ಯಾರ ಮಾತಿನಿಂದ ನನ್ನದು ಬದಲಾಯಿತು? ಅದನ್ನು ನೀವು ಓದಿ, ಎರಡು ಸಾಲು ಬರೆದು ಮರಳಿಸಿ. ಇದು ಸಂಬಳಕ್ಕೆ ಸಿಗದ ಶ್ರಮವೆಂದು ಬಲ್ಲೆ, ಅತಿಥಿ ಉಪನ್ಯಾಸಕರ ಪಾಡೂ ಬಲ್ಲೆ. ಆದರೂ ಕೇಳುತ್ತಿದ್ದೇನೆ, ಏಕೆಂದರೆ ಆ ಮಕ್ಕಳ ಬರಹವನ್ನು ಗಮನವಿಟ್ಟು ಓದುವ ಮೊದಲ ವ್ಯಕ್ತಿ ನೀವೇ ಇರಬಹುದು.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ಹೆಚ್ಚಾಗಿ ನಡೆಯುವುದು ಸೆಪ್ಟೆಂಬರಿನಲ್ಲಿ. ಹತ್ತಿರದ ಸಂಘದ ಕಾರ್ಯದರ್ಶಿಯನ್ನು ಮೊದಲೇ ಕಂಡು ಅನುಮತಿ ಪಡೆದು, ನಾಯಕತ್ವವನ್ನು ಕಣ್ಣಾರೆ ಕಾಣಲು ನಿಮ್ಮ ಇಡೀ ತರಗತಿಯನ್ನು ಒಂದು ಸಭೆಗೆ ಕರೆದುಕೊಂಡು ಹೋಗಿ.